ಬೆಟಗೇರಿ ಮನೆಯ ಇರುವೆ ದಾರಿ: ಹುಡುಕಿದ್ದು, ಮುಚ್ಚಿದ್ದು, ನೀರು ಕಟ್ಟಿದ್ದು

ನಮ್ಮದು ಗದಗ-ಬೆಟಗೇರಿಯ ಹಳೆ ಓಣಿಯ ಮನೆ. ಮುಂದಿನ ಪಡಸಾಲೆ, ನಡುಮನೆ ಕಲ್ಲು-ಮಣ್ಣಿನ ದಪ್ಪ ಗೋಡೆಯವು. ಹಿಂದಿನ ಅಡುಗೆಮನೆಯನ್ನು ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿ ಜೋಡಿಸಿದ್ದಾರೆ. ನೆಲಕ್ಕೆ ಶಹಾಬಾದಿ ಫರಸಿ, ಅಡುಗೆ ಕಟ್ಟೆಗೆ ಕಡಪಾ ಕಲ್ಲು. ಹಿತ್ತಲಲ್ಲಿ ಒಂದು ಬೇವಿನ ಮರ, ಅಡುಗೆಮನೆ ಕಿಟಕಿಗೆ ತಾಗಿಕೊಂಡು ದಾಸವಾಳ. ಈ ಸಲ ಯುಗಾದಿ ಮುಗಿದ ಮೇಲೆ ಇರುವೆ ಕೆಲಸ ಹಿಡಿದೆವು, ಮಳೆ ಶುರುವಾಗುವ ಮುಂಚೆ ಮುಗಿಸಿದೆವು. ಏನು ಮಾಡಿದೆವು, ಯಾವುದು ನಿಂತಿತು, ಯಾವುದಕ್ಕೆ ಇನ್ನೂ ಕೆಲಸ ಉಳಿದಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದೇ ಮನೆ ಇರುವವರಿಗೆ ಉಪಯೋಗ ಆದೀತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇರುವೆ ಓಡಿಸಲು ಎಲ್ಲರೂ ಹೇಳುವ ಅರಿಶಿನ, ಲವಂಗ, ದಾಲ್ಚಿನ್ನಿ, ನಿಂಬೆ ಸಿಪ್ಪೆ, ಕರ್ಪೂರ, ಇಂಗಿನ ನೀರು, ಇವೆಲ್ಲ ಸುಳ್ಳಲ್ಲ. ಇರುವೆ ನಡೆಯುವುದೇ ವಾಸನೆಯ ಮೇಲೆ. ತಿನಿಸು ಕಂಡ ಇರುವೆ ಗೂಡಿಗೆ ಮರಳುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತಾ ಒಂದು ವಾಸನೆಯ ಗೆರೆ ಎಳೆಯುತ್ತಾ ಹೋಗುತ್ತದೆ. ಉಳಿದವು ಆ ಗೆರೆ ಹಿಡಿದು ಬರುತ್ತವೆ, ತಾವೂ ಎಳೆದು ಗೆರೆಯನ್ನು ಗಟ್ಟಿ ಮಾಡುತ್ತವೆ. ಘಾಟು ವಾಸನೆ ಬಿದ್ದರೆ ಅವಕ್ಕೆ ದಾರಿ ಸಿಗುವುದಿಲ್ಲ, ಸಾಲು ಚೆದುರುತ್ತದೆ. ಆದರೆ ಘಾಟು ಹಾರಿಹೋಗುವಂಥದ್ದು. ಅದು ಹಾರಿದ ಮೇಲೆ ಸಂದಿ ಅಲ್ಲೇ ಇರುತ್ತದೆ, ಒಳಗೆ ಬೆಲ್ಲದ ಡಬ್ಬಿಯೂ ಅಲ್ಲೇ ಇರುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಅರಿಶಿನ ಕೊಡುವುದು ಸಮಯ. ಆ ಸಮಯದಲ್ಲಿ ಥಾಪಿ (ಗಾರೆ ಕರಣೆ) ಹಿಡಿದು ಸಂದಿ ಮುಚ್ಚಬೇಕು. ಇರುವೆ ಕಾಟ ಅಂದರೆ ಅರ್ಧಕ್ಕಿಂತ ಜಾಸ್ತಿ ಮನೆ ರಿಪೇರಿಯ ಕೆಲಸವೇ.

ಅಂಗಡಿಯ ಸ್ಪ್ರೇ ಬೇಡ ಅನ್ನುವುದಕ್ಕೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಇದೆ. ಅಡುಗೆಮನೆಗೆ ಬರುವ ಸಣ್ಣ ಇರುವೆಗಳಲ್ಲಿ ಕೆಲವು ಜಾತಿಗಳಿಗೆ ಒಂದೇ ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ಸ್ಪ್ರೇ ಹೊಡೆದು ಗಾಬರಿ ಮಾಡಿದರೆ ಒಂದು ರಾಣಿ ಒಂದಿಷ್ಟು ಆಳುಗಳನ್ನು, ಮೊಟ್ಟೆಗಳನ್ನು ಕಟ್ಟಿಕೊಂಡು ಬೇರೆ ಸಂದಿಗೆ ಹೊರಟುಬಿಡುತ್ತದೆ. ಒಂದು ಗೂಡು ಇದ್ದಲ್ಲಿ ಎರಡು ಮೂರು ಆಗುತ್ತವೆ. ಕಣ್ಣಿಗೆ ಕಂಡವು ಸತ್ತವು ಅಂತ ನಮಗೆ ಸಮಾಧಾನ, ಅಷ್ಟೇ.

ಯಾವ ಇರುವೆ?

ನಮ್ಮಲ್ಲಿ ಮೂರು ತರಹದವು ಬರುತ್ತವೆ. ದೊಡ್ಡ ಕರಿ ಗೊದ್ದ ಹಿತ್ತಲಿನ ಬೇವಿನ ಬುಡದ್ದು. ರಾತ್ರಿ ಒಂಟೊಂಟಿಯಾಗಿ ಒಳಗೆ ಬಂದು ತಿರುಗಾಡಿ ಹೋಗುತ್ತದೆ. ಕೆಂಪು ಕಚ್ಚುವ ಇರುವೆ, ಅವ್ವ ಕೆಂಜಗ ಅನ್ನುತ್ತಾಳೆ, ಬಚ್ಚಲು ಮತ್ತು ಅಂಗಳದ ಕಡೆಯದು. ಎಣ್ಣೆ ಪದಾರ್ಥ, ಶೇಂಗಾ ಕಾಳು ಅಂದರೆ ಅದಕ್ಕೆ ಜೀವ. ನಿಜವಾದ ಕಾಟ ಮೂರನೆಯದರದು. ತಲೆ ಕಪ್ಪು, ಹೊಟ್ಟೆ ತೆಳು ಬಿಳಿ, ಎಳ್ಳಿಗಿಂತಲೂ ಸಣ್ಣ. ಬಿಳಿ ಟೈಲ್ಸ್ ಮೇಲೆ ನಡೆದರೆ ಚುಕ್ಕೆ ಮಾತ್ರ ಓಡಿದಂತೆ ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ಒಂದು ಕೆಟ್ಟ ವಾಸನೆ ಬರುತ್ತದೆ. ಸಕ್ಕರೆ, ಬೆಲ್ಲ, ಹಣ್ಣು, ಪೇಢೆ, ಸಿಹಿ ಅಂದದ್ದೆಲ್ಲ ಬೇಕು ಅದಕ್ಕೆ.

ಇಲ್ಲಿ ಒಂದು ಎಚ್ಚರಿಕೆ. ಗೋಡೆಯ ಮೇಲೆ ಮಣ್ಣಿನ ಕೊಳವೆಯಂಥ ಗೆರೆ ಕಂಡರೆ ಅದು ಇರುವೆ ಅಲ್ಲ, ಗೆದ್ದಲು. ಪಂಚಮಿಗೆ ನಾವು ಹಾಲೆರೆಯುವ ಹುತ್ತ ಕಟ್ಟಿದ್ದೂ ಗೆದ್ದಲೇ. ಅದು ಕಟ್ಟಿಗೆ ತಿನ್ನುವ ಪ್ರಾಣಿ. ಮಾಳಿಗೆಯ ತೊಲೆ, ಜಂತಿ, ಚೌಕಟ್ಟು ಹಾಳು ಮಾಡುತ್ತದೆ. ಈ ಬರಹದ ಉಪಾಯ ಯಾವುದೂ ಅದಕ್ಕೆ ಸಾಲುವುದಿಲ್ಲ. ಅದನ್ನು ತಿಳಿದವರಿಗೆ ತೋರಿಸಬೇಕು.

ದಾರಿ ಹುಡುಕಿದ್ದು

ಸಾಲು ಎಲ್ಲಿಂದ ಬರುತ್ತದೆ ಅಂತ ನೋಡುವುದಕ್ಕಿಂತ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು. ಬರುವ ಇರುವೆ ಹುಡುಕುತ್ತಾ ಅಡ್ಡಾದಿಡ್ಡಿ ಬರುತ್ತದೆ. ಹೊಟ್ಟೆ ತುಂಬಿದ್ದು ನೆಟ್ಟಗೆ ಗೂಡಿಗೆ ಹೋಗುತ್ತದೆ. ಆ ಬಿಳಿ ಹೊಟ್ಟೆಯ ಇರುವೆಗೆ ಒಂದು ಗುಣ ಇದೆ, ಹೊಟ್ಟೆಯ ಚರ್ಮ ಒಳಗಿನದು ಕಾಣುವಷ್ಟು ತೆಳ್ಳಗೆ. ಬಣ್ಣದ ಸಕ್ಕರೆ ನೀರು ಕುಡಿದರೆ ಹೊಟ್ಟೆಗೂ ಅದೇ ಬಣ್ಣ ಬರುತ್ತದೆ. ಇದನ್ನೇ ಉಪಯೋಗಿಸಿಕೊಂಡೆವು.

ಸಕ್ಕರೆ ನೀರಿಗೆ ಮಿಠಾಯಿಗೆ ಹಾಕುವ ಹಸಿರು ಬಣ್ಣ ಸ್ವಲ್ಪ ಬೆರೆಸಿ, ಬಾಟಲಿ ಮುಚ್ಚಳದಲ್ಲಿ ಹಾಕಿ ಕಡಪಾ ಕಟ್ಟೆಯ ಮೂಲೆಗೆ ಇಟ್ಟೆವು. ಸ್ವಲ್ಪ ಹೊತ್ತಿಗೆ ಮುಚ್ಚಳದ ಸುತ್ತ ಇರುವೆಗಳು ತಲೆ ಬಗ್ಗಿಸಿ ಒತ್ತಾಗಿ ನಿಂತವು. ಕುಡಿಯುತ್ತಾ ಕುಡಿಯುತ್ತಾ ಹೊಟ್ಟೆ ಉಬ್ಬಿ, ಮೇಲಿನ ಪಟ್ಟಿಗಳು ಬಿಡಿಬಿಡಿಯಾಗಿ, ನಡುವಿನಿಂದ ಹಸಿರು ಹೊಳೆಯತೊಡಗಿತು. ಮಕ್ಕಳು ಭೂತಗನ್ನಡಿ ತಂದು ಕುಳಿತವರು ಊಟಕ್ಕೂ ಏಳಲಿಲ್ಲ. ಹಸಿರು ಹೊಟ್ಟೆಯವು ಗೋಡೆ ಹತ್ತಿ, ಕಿಟಕಿಯ ಚೌಕಟ್ಟಿನ ಕೆಳಗಿನ ಮೂಲೆಗೆ ಹೋಗಿ ಮಾಯವಾದವು. ಇನ್ನೊಂದು ಸಾಲು ಸಿಂಕ್ ಪೈಪಿನ ತೂತಿಗೆ ಇಳಿಯಿತು.

ಬ್ಯಾಟರಿ ಹಿಡಿದು ಹೊರಗೆ ಹೋಗಿ ಗೋಡೆಯ ಬುಡ ನೋಡಿದೆವು. ಸಿಂಕ್ ಪೈಪ್ ಹೊರಬರುವ ಕಡೆ ಹಸಿರು ಹೊಟ್ಟೆಯವು ಇಳಿದುಬಂದು, ಗೋಡೆಯ ಸುತ್ತ ಹಾಕಿದ ಕಾಂಕ್ರೀಟ್ ಪಟ್ಟಿಯ ಬಿರುಕಿನೊಳಗೆ ಹೋಗುತ್ತಿದ್ದವು. ಕಿಟಕಿ ಮೂಲೆಗೆ ಹೋದವು ಮಾತ್ರ ಹೊರಗೆ ಎಲ್ಲೂ ಬರಲಿಲ್ಲ. ಅಂದರೆ ಎರಡು ಬೇರೆ ಬೇರೆ ಸಂಗತಿ. ಒಂದು ಗೂಡು ಹೊರಗೆ ಮಣ್ಣಿನಲ್ಲಿ ಇದೆ, ಇನ್ನೊಂದು ಚೌಕಟ್ಟಿನ ಹಿಂದೆ ಗೋಡೆಯೊಳಗೇ ಇದೆ. ಇದು ಗೊತ್ತಾಗದಿದ್ದರೆ ಮುಂದಿನ ಕೆಲಸದ ಕ್ರಮವೇ ತಪ್ಪುತ್ತಿತ್ತು. ಗೋಡೆಯೊಳಗೆ ಗೂಡು ಇಟ್ಟುಕೊಂಡು ಬಾಯಿ ಮುಚ್ಚಿದರೆ ಅವು ಸ್ವಿಚ್ ಬೋರ್ಡಿನಿಂದಲೋ ಟೈಲ್ಸ್ ಸಂದಿಯಿಂದಲೋ ಬೇರೆ ಬಾಯಿ ತೆಗೆಯುತ್ತವೆ. ಕಂಡ ಸಂದಿಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿಕೊಂಡೆವು.

ಗೋಡೆಯೊಳಗಿನ ಗೂಡಿಗೆ

ಇದೊಂದಕ್ಕೆ ಮಾತ್ರ ಬೋರಿಕ್ ಪೌಡರ್ ಬಳಸಿದೆವು. ಅದು ಖನಿಜದಿಂದ ಬರುವ ಪುಡಿ, ಆದರೆ ನೈಸರ್ಗಿಕ ಅಂದ ಮಾತ್ರಕ್ಕೆ ನಿರುಪದ್ರವಿ ಅಂತ ತಿಳಿಯಬಾರದು. ಮಕ್ಕಳ ಹೊಟ್ಟೆಗೆ, ಬೆಕ್ಕು ನಾಯಿಗಳ ಹೊಟ್ಟೆಗೆ ಹೋದರೆ ವಿಷವೇ. ಹೆಸರು ಬರೆದ ಪ್ಯಾಕೆಟ್ಟನ್ನೇ ತನ್ನಿ. ಕೇರಂ ಪುಡಿ ಅಂತ ಬಿಡಿಯಾಗಿ ಕೊಡುವುದರಲ್ಲಿ ಏನೇನು ಇರುತ್ತದೋ ಹೇಳಲಾಗದು.

ಅಳತೆ ಮುಖ್ಯ. 100 ಮಿಲಿ ಬೆಚ್ಚನೆ ನೀರು, 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್. ಒಂದು ಗ್ರಾಂ ಅಂದರೆ ಚಹಾ ಚಮಚದ ಕಾಲು ಭಾಗ, ಮಟ್ಟಸವಾಗಿ. ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಆಗುತ್ತದೆ ಅನ್ನಿಸುತ್ತದೆ ಅಲ್ವಾ? ಆಗುವುದು ಉಲ್ಟಾ. ಬೋರಿಕ್ ಜಾಸ್ತಿಯಾದರೆ ಇರುವೆ ಮುಟ್ಟುವುದಿಲ್ಲ, ಮುಟ್ಟಿದರೂ ಗೂಡು ತಲುಪುವ ಮುಂಚೆ ಸಾಯುತ್ತದೆ. ಬಲಿತ ಇರುವೆ ಗಟ್ಟಿ ಪದಾರ್ಥ ನುಂಗಲಾರದು, ದ್ರವ ಮಾತ್ರ. ಕುಡಿದದ್ದನ್ನು ಒಂದು ಬೇರೆ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಗೂಡಿನಲ್ಲಿ ಬಾಯಿಂದ ಬಾಯಿಗೆ ಹಂಚುತ್ತದೆ. ಮರಿಗಳಿಗೆ, ರಾಣಿಗೆ ಎಲ್ಲರಿಗೂ ಹೋಗುತ್ತದೆ. ನಿಧಾನವಾಗಿ ಕೆಲಸ ಮಾಡುವ ವಿಷ ಆದರೆ ಮಾತ್ರ ಇದು ಸಾಧ್ಯ.

ಖಾಲಿ ಮುಲಾಮಿನ ಡಬ್ಬಿಗೆ ಬಿಸಿ ಸೂಜಿಯಿಂದ ಸುತ್ತಲೂ ತೂತು ಹಾಕಿ, ಒಳಗೆ ಹತ್ತಿ ಇಟ್ಟು, ಈ ನೀರು ಕುಡಿಸಿ, ಮುಚ್ಚಳ ಬಿಗಿದು ಟೇಪ್ ಸುತ್ತಿದೆವು. ಮೇಲೆ "ವಿಷ" ಅಂತ ದಪ್ಪಗೆ ಬರೆದು ಕಿಟಕಿಯ ಮೇಲ್ಮೂಲೆಗೆ, ಮಕ್ಕಳ ಕೈಗೆ ಸಿಗದ ಎತ್ತರಕ್ಕೆ ಅಂಟಿಸಿದೆವು. ಮೊದಲ ದಿನ ಇರುವೆ ಇನ್ನೂ ಹೆಚ್ಚು ಬಂದವು. ಬರಲಿ ಅಂತ ಬಿಟ್ಟೆವು. ಈ ಹೊತ್ತಿನಲ್ಲಿ ಆ ಸಾಲನ್ನು ಒರೆಸಬಾರದು, ಅರಿಶಿನ ಹಾಕಬಾರದು, ಊದಿನಕಡ್ಡಿ ಹೊಗೆಯನ್ನೂ ತಾಗಿಸಬಾರದು. ಒಣಗಿದಾಗ ಹತ್ತಿಗೆ ಮತ್ತೆ ನೀರು ಕುಡಿಸುತ್ತಾ ಇದ್ದೆವು. ಸಾಲು ತೆಳುವಾಗುತ್ತಾ ಬಂದು, ಕೊನೆಗೆ ಒಂದೂ ಬರದೆ ನಿಂತ ಮೇಲೆಯೇ ಚೌಕಟ್ಟಿನ ಮೂಲೆ ಮುಚ್ಚಿದ್ದು.

ಹೊರಗಿನ ಗೂಡಿಗೆ ಇದನ್ನು ಇಡಲಿಲ್ಲ. ಹಿತ್ತಲಲ್ಲಿ ಇರುವೆ ಇರಬೇಕಾದದ್ದೇ. ಸತ್ತ ಹುಳಹುಪ್ಪಟೆ ಎತ್ತಿ ಸ್ವಚ್ಛ ಮಾಡುವುದು ಅವೇ, ಸಿಕ್ಕರೆ ಗೆದ್ದಲನ್ನೂ ಹಿಡಿದು ತಿನ್ನುತ್ತವೆ. ಅವ್ವ ಇವತ್ತಿಗೂ ಬೇವಿನ ಬುಡಕ್ಕೆ ಒಂದು ಚಿಟಿಕೆ ರವೆ ಸಕ್ಕರೆ ಹಾಕಿ ಬರುತ್ತಾಳೆ. "ಅವಕ್ಕೂ ಹೊಟ್ಟಿ ಐತಿ, ನಮ್ಮ ಅಡಗಿ ಮನಿಗೆ ಬರಬಾರದಷ್ಟ" ಅನ್ನುತ್ತಾಳೆ. ನಾನೂ ಅದನ್ನೇ ನಂಬುತ್ತೇನೆ.

ಒಳಗಿನ ಸಂದಿಗಳು

ಕಡಪಾ ಕಟ್ಟೆ ಗೋಡೆಗೆ ಸೇರುವ ಕಡೆ ಉದ್ದಕ್ಕೂ ಒಂದು ಸಣ್ಣ ಸೀಳು ಇತ್ತು. ಹಿಂದೆ ವೈಟ್ ಸಿಮೆಂಟ್ ತುಂಬಿದ್ದು ಬಿಟ್ಟುಕೊಂಡು ಬಂದಿತ್ತು. ಅಲ್ಲಿ ದಿನಾ ನೀರು ಬೀಳುತ್ತದೆ, ಬಿಸಿ ಪಾತ್ರೆ ಇಡುತ್ತೇವೆ, ಕಲ್ಲು ಒಂದು ಕೂದಲೆಳೆಯಷ್ಟು ಅಲುಗುತ್ತಲೇ ಇರುತ್ತದೆ. ವೈಟ್ ಸಿಮೆಂಟ್ ಬಗ್ಗುವುದಿಲ್ಲ, ಅದಕ್ಕೇ ಒಡೆಯುತ್ತದೆ. ಆ ಜಾಗಕ್ಕೆ ಸಿಲಿಕಾನ್ ಒಳ್ಳೆಯದು. ಹಳೆಯದನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದು, ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಧೂಳು, ಎಣ್ಣೆ ಜಿಡ್ಡು ತಿಕ್ಕಿ, ಒಂದು ರಾತ್ರಿ ಪೂರ್ತಿ ಒಣಗಲು ಬಿಟ್ಟೆವು. ಎರಡೂ ಬದಿಗೆ ಟೇಪ್ ಅಂಟಿಸಿ, ನಡುವೆ ಸಿಲಿಕಾನ್ ಎಳೆದು, ಸೋಪಿನ ನೀರಲ್ಲಿ ಅದ್ದಿದ ಬೆರಳಿಂದ ಒಮ್ಮೆ ಒತ್ತುತ್ತಾ ಹೋಗಿ, ಹಸಿ ಇರುವಾಗಲೇ ಟೇಪ್ ಕಿತ್ತೆವು. ಮರುದಿನದವರೆಗೆ ನೀರು ತಾಗಿಸಲಿಲ್ಲ. ಒಣ ಜಾಗದ ಫರಸಿ ಸಂದಿಗಳಿಗೆ ವೈಟ್ ಸಿಮೆಂಟ್ ಸಾಕಾಯಿತು.

ಸಿಂಕ್ ಪೈಪಿನ ತೂತು ಪೈಪಿಗಿಂತ ಎರಡು ಪಟ್ಟು ದೊಡ್ಡದಿತ್ತು. ಬರೀ ಗಾರೆ ತುಂಬಿದರೆ ಪೈಪ್ ಅಲುಗಿದಾಗ ಉದುರುತ್ತದೆ. ಮೊದಲು ಸ್ಟೀಲ್ ಸೊಳ್ಳೆ ಜಾಲರಿಯ ತುಂಡನ್ನು ಸುತ್ತಿ ಒಳಗೆ ತುರುಕಿ, ಅದರ ಮೇಲೆ ಗಾರೆ, ಪೈಪಿನ ಅಂಚಿಗೆ ಮಾತ್ರ ಸಿಲಿಕಾನ್. ಇಲಿಗೂ ಇದು ತಡೆ.

ಸ್ವಿಚ್ ಬೋರ್ಡ್ ಕೆಲಸವನ್ನು ವೈರಿಂಗ್ ಮಾಡುವವರನ್ನೇ ಕರೆಸಿ ಮಾಡಿಸಿ. ಮೇನ್ ಆಫ್ ಮಾಡಿ ಬಿಚ್ಚಿದಾಗ ಒಂದು ಸ್ವಿಚ್ಚಿನ ಒಳಗೆ ಸತ್ತ ಇರುವೆ ಪುಡಿಪುಡಿಯಾಗಿ ತುಂಬಿಕೊಂಡಿದ್ದವು. ಶಾಕ್ ಹೊಡೆದ ಇರುವೆ ಅಪಾಯದ ವಾಸನೆ ಬಿಡುತ್ತದೆ, ಆ ವಾಸನೆಗೆ ಇನ್ನಷ್ಟು ಬಂದು ಸೇರಿ ಸಾಯುತ್ತವೆ. ಒಣ ಬ್ರಷ್ಷಿನಿಂದ ತೆಗೆದು, ಸ್ವಿಚ್ ಬದಲಿಸಿ, ವೈರು ಬರುವ ಪೈಪಿನ ಬಾಯಿಗೆ ಮೇಣದಂತೆ ಮೆತ್ತಗಿನ ಪುಟ್ಟಿ ಒತ್ತಿದರು. ಇಲ್ಲಿ ಸೋಪಿನ ನೀರು, ವಿನೆಗರ್, ಯಾವ ದ್ರವವನ್ನೂ ತರಬಾರದು.

ಎಲ್ಲ ಮುಚ್ಚಿದ ಮೇಲೆ ಹಳೆ ಸಾಲುಗಳ ಗೆರೆ ಒರೆಸಿದ್ದು. ಪಾತ್ರೆ ಸೋಪಿನ ನೀರಿನಿಂದ ಒಮ್ಮೆ, ಅರ್ಧಕ್ಕೆ ಅರ್ಧ ನೀರು ಬೆರೆಸಿದ ವಿನೆಗರಿನಿಂದ ಇನ್ನೊಮ್ಮೆ. ಫರಸಿಗೆ, ಕಡಪಾಕ್ಕೆ ವಿನೆಗರ್ ಹಾಕಬೇಡಿ, ಸುಣ್ಣದ ಕಲ್ಲು ಹುಳಿಗೆ ಮಂಕಾಗುತ್ತದೆ. ಅವಕ್ಕೆ ಸೋಪು ಸಾಕು.

ಎರೆ ಮಣ್ಣು ಮತ್ತು ಹೊರಗಿನ ಪಟ್ಟಿ

ದೊಡ್ಡ ಕೆಲಸ ಇದು. ಕರಿ ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಯವರಿಗೆಲ್ಲ ಈ ಬಿರುಕು ಗೊತ್ತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್-ಮೇನಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಾಯಿ ಬಿಟ್ಟಿರುತ್ತದೆ. ಮನೆಯ ಪಾಯ ಆಳಕ್ಕೆ ಇಳಿದಿರುತ್ತದೆ, ಅದು ಅಷ್ಟು ಅಲುಗುವುದಿಲ್ಲ. ಆದರೆ ಗೋಡೆಯ ಸುತ್ತ ಹಾಕಿದ ಕಾಂಕ್ರೀಟ್ ಪಟ್ಟಿ ಮೇಲಿನ ಮಣ್ಣಿನ ಮೇಲೇ ಕುಳಿತಿರುತ್ತದೆ. ಮಳೆಗಾಲಕ್ಕೆ ಏಳುತ್ತದೆ, ಬೇಸಿಗೆಗೆ ಕೂರುತ್ತದೆ. ಹೀಗೆ ಏಳುತ್ತಾ ಕೂರುತ್ತಾ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಆ ಸಂದಿಯಲ್ಲಿ ಕಿರುಬೆರಳು ಹೋಗುತ್ತಿತ್ತು. ಮಣ್ಣಿನ ಗೂಡಿಗೂ ಗೋಡೆಗೂ ನಡುವೆ ನೆರಳು, ತಂಪು, ಮಳೆ ತಾಗದ ಓಣಿ. ಇರುವೆಗೆ ಇನ್ನೇನು ಬೇಕು?

ಗಾರೆ ಕೆಲಸದ ನಮ್ಮ ಗೌಂಡಿ ಕಾಕಾ ಬಗ್ಗಿ ನೋಡಿ, ಸಂದಿಯೊಳಗೆ ಕಡ್ಡಿ ಆಡಿಸಿ ಹೇಳಿದರು. "ಅಕ್ಕಾರ, ಇದಕ್ಕ ಸಿಮೆಂಟ್ ತುಂಬಿದ್ರ ಒಂದ ಮಳಿಗಾಲರೀ. ಎರಿ ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳ್ಯಾಗ ಮುಚ್ಕೊಂತೈತಿ. ಅದರ ಜೋಡಿ ಅಲಗೂ ಅಂಥದ್ದು ಹಾಕ್ಬೇಕು." ಅವರು ಹೇಳಿದಂತೆಯೇ ಮಾಡಿದೆವು.

ಅಡುಗೆಮನೆ ಬದಿಯ ಪಟ್ಟಿಯನ್ನು ಪೂರ್ತಿ ಕಿತ್ತೆವು. ಅದರ ಕೆಳಗಿನ ಎರೆ ಮಣ್ಣನ್ನು ಒಂದು ಅಡಿ ಆಳ, ಮೂರಡಿ ಅಗಲ ತೆಗೆದು ಹಿತ್ತಲಿನ ಗಿಡಗಳಿಗೆ ಹಾಕಿದೆವು. ತೆಗೆಯುವಾಗ ಗೂಡು ಸಿಕ್ಕಿತು. ಬಿಳಿ ಮೊಟ್ಟೆ ಕಚ್ಚಿಕೊಂಡು ಇರುವೆಗಳು ದಿಕ್ಕಾಪಾಲಾಗಿ ಓಡಿದವು. ಆ ಮಣ್ಣನ್ನು ಹೆಂಟೆ ಒಡೆಯದೆ ಬುಟ್ಟಿಯಲ್ಲಿ ಎತ್ತಿ ಬೇವಿನ ಆಚೆ ಕಾಂಪೌಂಡ್ ಬದಿಗೆ ಇಟ್ಟು ಬಂದೆವು. ಖಾಲಿಯಾದ ಜಾಗಕ್ಕೆ ಗರಸು (ಕಲ್ಲುಕಣಿ ಬೆರೆತ ಮಣ್ಣು) ತುಂಬಿ, ನೀರು ಹೊಡೆದು, ಧಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದೆವು. ಗರಸು ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಮೇಲೆ ಹೊಸ ಕಾಂಕ್ರೀಟ್, ಮೂರಡಿ ಅಗಲಕ್ಕೆ ಒಂದು ಇಂಚು ಹೊರಕ್ಕೆ ಇಳಿಜಾರು. ಬುಡದಲ್ಲಿ ನೀರು ನಿಲ್ಲದಿದ್ದರೆ ಎರೆಗೂ ಕೆಲಸ ಕಡಿಮೆ.

ಕಾಂಕ್ರೀಟ್ ಹಾಕುವಾಗ ಗೋಡೆಗೆ ತಾಗಿಸಿ ಅರ್ಧ ಇಂಚಿನ ಪಟ್ಟಿ ಕಟ್ಟಿಗೆ ನಿಲ್ಲಿಸಿದ್ದೆವು. ಗಟ್ಟಿಯಾದ ಮೇಲೆ ಅದನ್ನು ಎಳೆದು ತೆಗೆದಾಗ ನೇರವಾದ ಸಂದಿ ಉಳಿಯಿತು. ಬೇಕೆಂದೇ ಬಿಟ್ಟ ಸಂದಿ ಅದು. ಅದಕ್ಕೆ ಒಣ ಉಸುಕು ಬೆರೆಸಿದ ಬಿಸಿ ಡಾಂಬರು ತುಂಬಿದರು. ಡಾಂಬರು ಬೇಸಿಗೆಗೆ ಮೆತ್ತಗಾಗಿ ಹಿಗ್ಗುತ್ತದೆ, ಪಟ್ಟಿ ಅಲುಗಿದರೂ ಗೋಡೆ ಬಿಡುವುದಿಲ್ಲ. ಬಿಸಿ ಡಾಂಬರಿನ ಕೆಲಸಕ್ಕೆ ಮಕ್ಕಳನ್ನು ಹಿತ್ತಲಿಗೆ ಬಿಡಬೇಡಿ.

ಅಡುಗೆಮನೆಗೆ ಹೊಂದಿಕೊಂಡ ಹಳೆ ಕಲ್ಲು-ಮಣ್ಣಿನ ಗೋಡೆಯ ಬುಡದಲ್ಲಿ ಕಲ್ಲುಗಳ ನಡುವಿನ ಮಣ್ಣು ಉದುರಿ ತೂತುಗಳಾಗಿದ್ದವು. ಅವಕ್ಕೆ ಸುಣ್ಣದ ಗಾರೆ. ಸುಣ್ಣವನ್ನು ಮೊದಲೇ ಡ್ರಮ್ಮಿನಲ್ಲಿ ಅರಳಿಸಿ, ನೀರಿನ ಕೆಳಗೇ ಬಿಟ್ಟಿದ್ದೆವು. ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬಾರದು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಉಸುಕು, ಜೊತೆಗೆ ಅರ್ಧ ಪಾಲು ಇಟ್ಟಿಗೆ ಪುಡಿ. ಕಾಕಾ ಹಳೆ ಪದ್ಧತಿಯಂತೆ ಬೆಲ್ಲದ ನೀರು ಹಾಕೋಣ ಅಂದರು. ಗಾರೆಗೆ ಬೆಲ್ಲ ಹಾಕುವುದು ನಮ್ಮ ಕಡೆಯ ಹಿರಿಯರು ಮಾಡಿಕೊಂಡು ಬಂದದ್ದೇ. ಆದರೆ ಇರುವೆ ತಡೆಯುವ ಕೆಲಸಕ್ಕೆ ಸಿಹಿ ಬೇಡ ಅಂತ ಕೇಳಿಕೊಂಡೆ. ನಕ್ಕು ಒಪ್ಪಿದರು.

ತೂತಿನ ಒಳಗೆ ಮೊದಲು ನೀರು ಚಿಮುಕಿಸಿ, ಸಣ್ಣ ಚಕ್ಕೆ ಕಲ್ಲು ಇಟ್ಟು, ಗಾರೆಯನ್ನು ಥಾಪಿಯ ತುದಿಯಿಂದ ಒಳಕ್ಕೆ ಒತ್ತಿ ಒತ್ತಿ ತುಂಬಬೇಕು. ಮೇಲೆ ಸವರಿ ಬಿಟ್ಟರೆ ಹಿಂದೆ ಪೊಳ್ಳು ಉಳಿಯುತ್ತದೆ, ಇರುವೆಗೆ ಅದೇ ಬೇಕು. ಆಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಬಿಸಿಲಿನಿಂದ ಮರೆ ಮಾಡಿದೆವು. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವ ವಸ್ತು, ನಮ್ಮ ಬೇಸಿಗೆಯಲ್ಲಿ ಬೇಗ ಒಣಗಿದರೆ ಪುಡಿಯಾಗುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿಗಿಂತ ಸುಣ್ಣವೇ ಒಪ್ಪುತ್ತದೆ. ಸ್ವಲ್ಪ ಅಲುಗಿದರೂ ತಡೆದುಕೊಳ್ಳುತ್ತದೆ, ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ.

ದಾಸವಾಳ

ಕಿಟಕಿಗೆ ತಾಗಿದ ಕೊಂಬೆಗಳ ತುದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟುತಿಗಣೆ. ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಇರುವೆ ಅದನ್ನು ಕುಡಿಯುತ್ತದೆ, ಬದಲಿಗೆ ತಿಗಣೆಯನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುತ್ತದೆ. ಅಡುಗೆಮನೆ ಎಷ್ಟೇ ಸ್ವಚ್ಛ ಇದ್ದರೂ ಕಿಟಕಿ ಹೊರಗೆ ಈ ಸಿಹಿ ಅಂಗಡಿ ತೆರೆದೇ ಇರುತ್ತದೆ. ಗೋಡೆಯಿಂದ ಒಂದು ಮೊಳ ದೂರ ಇರುವಂತೆ ಕೊಂಬೆ ಕತ್ತರಿಸಿದೆವು. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ಬೆರೆಯಲು ಸ್ವಲ್ಪ ಸೋಪಿನ ದ್ರಾವಣ. ಸಂಜೆ ಹೊತ್ತಿಗೆ ಎಲೆಯ ಕೆಳಗೆಲ್ಲ ಬೀಳುವಂತೆ ಹೊಡೆದು, ವಾರಕ್ಕೊಮ್ಮೆ ಮುಂದುವರಿಸಿದೆವು. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕೇಬಲ್ ವೈರು, ಬಟ್ಟೆ ಹಗ್ಗ ಇವೂ ಸೇತುವೆಗಳೇ, ಮರೆಯಬೇಡಿ.

ನೆಲುವಿಗೆ ನೀರಿನ ಬಟ್ಟಲು

ಪಂಚಮಿ ಅಂದರೆ ನಮ್ಮ ಕಡೆ ಉಂಡಿ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಅಳ್ಳಿಟ್ಟು, ತಂಬಿಟ್ಟು, ಎಲ್ಲ ಡಬ್ಬಿಗಟ್ಟಲೆ. ಶ್ರಾವಣದ ಮಳೆಗೆ ಗೂಡಿಗೆ ನೀರು ನುಗ್ಗಿ ಇರುವೆಯೂ ಒಣ ಜಾಗ ಹುಡುಕುವ ಹೊತ್ತು ಅದೇ. ಬೆಲ್ಲವೂ ಆಗಲೇ ಗಾಳಿಯ ತೇವ ಹೀರಿ ನೀರು ಬಿಡುತ್ತದೆ, ಡಬ್ಬಿಯ ಹೊರಮೈಗೂ ಅಂಟುತ್ತದೆ. ಅದಕ್ಕೆ ಸಂದಿ ಮುಚ್ಚಿದ ಮೇಲೂ ಎರಡನೇ ಕಾವಲು ಬೇಕು ಅಂತ, ಡಬ್ಬಿಗಳನ್ನು ತೊಲೆಯಿಂದ ತೂಗುಬಿಡುವ ಹಗ್ಗದ ನೆಲುವು ಮತ್ತೆ ಕಟ್ಟಿದೆವು. ತೊಲೆಯ ಕೊಂಡಿ ಅಲ್ಲೇ ಇತ್ತು. ಇರುವೆ ತೊಲೆಯಿಂದ ಹಗ್ಗ ಹಿಡಿದು ಇಳಿಯದಂತೆ ನಡುವೆ ಒಂದು ನೀರಿನ ಬಟ್ಟಲು ಬೇಕಿತ್ತು. ತೆಂಗಿನ ಪರಟೆಯಿಂದ ಮಾಡಿದೆವು.

ಕಣ್ಣಿರುವ ಹೋಳಿನಲ್ಲಿ ಒಂದು ಮೆತ್ತನೆಯ ಕಣ್ಣು ಇರುತ್ತದೆ, ಸುಲಭವಾಗಿ ತೂತಾಗುತ್ತದೆ ಅನ್ನಿಸುತ್ತದೆ. ಆದರೆ ಆ ಕಣ್ಣು ನಟ್ಟನಡುವೆ ಇರುವುದಿಲ್ಲ, ಬಟ್ಟಲು ವಾಲುತ್ತದೆ. ಕಣ್ಣಿಲ್ಲದ ಹೋಳನ್ನು ತೆಗೆದುಕೊಂಡು ತಳದ ನಡುವೆ ಸಣ್ಣ ಬಿಟ್ಟಿನಿಂದ ಡ್ರಿಲ್ ಮಾಡಿದೆವು. ಒಳಗಿನ ನಾರು, ಕಾಯಿಯ ಚೂರು ಎಲ್ಲ ಮರಳು ಕಾಗದದಿಂದ ತಿಕ್ಕಿ ತೆಗೆಯಬೇಕು, ಇಲ್ಲವಾದರೆ ನೀರು ನಾರುತ್ತದೆ. ತೂತಿನಲ್ಲಿ ಬಟ್ಟೆ ಒಣಹಾಕುವ ದಪ್ಪ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ತೂರಿಸಿ, ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ ಬಗ್ಗಿಸಿದೆವು. ಹಗ್ಗವನ್ನೇ ತೂರಿಸಬಾರದು. ಹಗ್ಗ ದೀಪದ ಬತ್ತಿಯಂತೆ ನೀರು ಹೀರಿ ಬಟ್ಟಲು ಖಾಲಿ ಮಾಡುತ್ತದೆ. ಭಾರ ಪೂರ್ತಿ ತಂತಿಯ ಮೇಲೆ, ಪರಟೆಯ ಮೇಲೆ ಏನೂ ಇಲ್ಲ. ತೂತಿನ ಸುತ್ತ ಒಳಗೂ ಹೊರಗೂ ಎಂ-ಸೀಲ್ (ಕಲಸಿ ಒತ್ತಿದರೆ ಗಟ್ಟಿಯಾಗುವ ಅಂಟು) ಒತ್ತಿ, ಗಟ್ಟಿಯಾಗುವ ತನಕ ಪರಟೆ ಮಟ್ಟಸ ಇರಲು ಕೆಳಗೆ ಹಸಿ ಮಣ್ಣಿನ ಮುದ್ದೆ ಕೊಟ್ಟಿದ್ದೆವು.

ನೀರಿಗೆ ಒಂದು ಹನಿ ಸೋಪು ಹಾಕಬೇಕು. ಬರೀ ನೀರಿನ ಮೇಲೆ ಧೂಳಿನ ಪದರ ಕೂತರೆ ಈ ಸಣ್ಣ ಇರುವೆ ಮುಳುಗದೆ ದಾಟಿಬಿಡುತ್ತದೆ. ಸೋಪು ಬಿದ್ದರೆ ನೀರಿನ ಮೈ ಬಿಗಿ ಸಡಿಲಾಗಿ ಕಾಲಿಟ್ಟದ್ದು ಮುಳುಗುತ್ತದೆ, ಹಾಗಾಗಿ ಅಂಚಿನಲ್ಲೇ ಹಿಂದೆ ತಿರುಗುತ್ತವೆ. ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಬೆಳೆಯಲು ಸುಮಾರು ಒಂದು ವಾರ ಸಾಕು. ಅದಕ್ಕೆ ವಾರಕ್ಕೆ ಎರಡು ಸಲ ನೀರು ಚೆಲ್ಲಿ ಹೊಸದು ಹಾಕುವುದು ಕಡ್ಡಾಯ.

ದೊಡ್ಡ ಡಬ್ಬಿಗಳಿಗೆ ಪರಾತದಲ್ಲಿ ನೀರು ಹಾಕಿ, ನಡುವೆ ಬೋರಲು ಬಟ್ಟಲು ಇಟ್ಟು, ಅದರ ಮೇಲೆ ಡಬ್ಬಿ. ಗೋಡೆಗೆ ತಾಗಬಾರದು, ಮುಚ್ಚಿದ ಬಟ್ಟೆಯ ತುದಿ ಇಳಿಬಿದ್ದು ಸೇತುವೆ ಆಗಬಾರದು. ಕಪಾಟಿನ ಕಾಲಿಗೆ ಪಕ್ಕದ ನೇಕಾರರ ಮನೆಯ ಕಾಕು ತೋರಿಸಿದ ಉಪಾಯ: ಕೈಮಗ್ಗದ ನೂಲಿನ ಗಂಜಿಗೂ ಇರುವೆ ಬರುತ್ತವಂತೆ, ಅದಕ್ಕೆ ಅವರು ಸ್ಟ್ಯಾಂಡಿನ ಕಾಲಿಗೆ ಔಡಲೆಣ್ಣೆಯಲ್ಲಿ (ಹರಳೆಣ್ಣೆ) ಅದ್ದಿದ ಬಟ್ಟೆ ಸುತ್ತುತ್ತಾರೆ. ದಪ್ಪ ಎಣ್ಣೆ, ಬೇಗ ಆರುವುದಿಲ್ಲ, ಅಂಟಿಗೆ ಇರುವೆ ಹತ್ತುವುದಿಲ್ಲ. ಧೂಳು ಹತ್ತಿದಾಗ ಬಟ್ಟೆ ಬದಲಿಸಬೇಕು.

ಮಳೆ ಬಂದ ಮೇಲೆ

ಮುಂಗಾರಿನಲ್ಲಿ ಎರೆ ಉಬ್ಬಿತು. ಡಾಂಬರಿನ ಸಂದಿ ಹಾಗೇ ಹಿಡಿದಿದೆ. ಕಡಪಾ ಕಟ್ಟೆಯಲ್ಲಿ ಸಾಲು ಬಂದಿಲ್ಲ. ಪಂಚಮಿಗೆ ಉಂಡಿ ಡಬ್ಬಿ ಮುಚ್ಚಳ ತೆಗೆದು ನಿಶ್ಚಿಂತೆಯಿಂದ ಹಂಚಿದೆವು. ಗಾರೆ ತುಂಬಿದ ಒಂದು ಮೂಲೆಯಲ್ಲಿ ಕೂದಲೆಳೆ ಬಿರುಕು ಕಂಡಿತ್ತು, ಸುಣ್ಣದ ನೀರನ್ನು ಕುಂಚದಿಂದ ಎರಡು ಸಲ ಹಚ್ಚಿದ ಮೇಲೆ ಮುಚ್ಚಿತು.

ಬಚ್ಚಲು ಕಡೆಯ ಕೆಂಜಗ ಇನ್ನೂ ಬರುತ್ತಿವೆ. ನಮಗೆ ತುಂಗಭದ್ರೆ ನೀರು ದಿನಾ ಬರುವುದಿಲ್ಲ, ಬ್ಯಾರಲ್‌ಗಳಲ್ಲಿ ತುಂಬಿಡುತ್ತೇವೆ. ಬ್ಯಾರಲ್ ಕೆಳಗಿನ ನೆಲ ಯಾವಾಗಲೂ ಹಸಿ, ಫರಸಿ ಸಂದಿಯ ಸಿಮೆಂಟ್ ಕೊಚ್ಚಿಹೋಗಿದೆ. ಬೇಸಿಗೆಯಲ್ಲಿ ಅವು ಬರುವುದೇ ಆ ಹಸಿಗೆ. ಬ್ಯಾರಲ್ ಇಡಲು ಒಂದು ಗೇಣು ಎತ್ತರದ ಕಟ್ಟೆ ಕಟ್ಟಿ, ನೆಲಕ್ಕೆ ಮೋರಿಯ ಕಡೆ ಇಳಿಜಾರು ಕೊಟ್ಟು ಫರಸಿ ಮತ್ತೆ ಹಾಸಬೇಕು. ಕಾಕಾ ದೀಪಾವಳಿ ಆದಮೇಲೆ ಬರುತ್ತೇನೆ ಅಂದಿದ್ದಾರೆ. ಅಷ್ಟರಲ್ಲಿ ಸುಣ್ಣ ಅರಳಿಸಿಡಬೇಕು, ಗರಸು ಅರ್ಧ ಟ್ರ್ಯಾಕ್ಟರ್ ಇನ್ನೂ ಉಳಿದಿದೆ.